ಬಸಪ್ಪ ಬಲಗಾಲು ಎತ್ತಿದ ಮೇಲೆ

ಪುಟ್ಟಮಾದಯ್ಯ ಕಳ್ಳನಲ್ಲ. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಕಳ್ಳ ಯಾರು ಅಂತ ಕೊನೆಯವರೆಗೂ ಕಾಯಿಸುವ ಕೆಲಸ ಸೀರಿಯಲ್‌ನವರದು, ನನ್ನದಲ್ಲ. ನನ್ನ ಕೆಲಸ ಆ ಸೀರಿಯಲ್‌ಗಳನ್ನು ಮನೆಮನೆಗೆ ತಲುಪಿಸುವುದು. ನಾನು ಕೇಬಲ್ ರಾಜೇಂದ್ರ. ಮದ್ದೂರಿನಿಂದ ಮಳವಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿದರೆ ಸಿಗುವ ನಾಲ್ಕಾರು ಹಳ್ಳಿಗಳ ಟೀವಿಗಳು ನನ್ನ ಕೇಬಲ್ಲಿಗೆ ತಗುಲಿಕೊಂಡಿವೆ. ಅದರಲ್ಲಿ ನಮ್ಮೂರೂ ಒಂದು. ಊರಿನ ಹೆಸರು ಬೇಡ. ನಾಳೆ ಬೆಳಗಾದರೆ ನಾನು ಅದೇ ಬೀದಿಗಳಲ್ಲಿ ಏಣಿ ಹೊತ್ತು ತಿರುಗಬೇಕು.

ಇಷ್ಟು ದಿನ ಇದನ್ನು ಬರೆಯದೆ ಇದ್ದದ್ದು ನಮ್ಮ ಬೀದಿಯ ದೇವಿರಮ್ಮ ಎಂಬ ಮುದುಕಿಗಾಗಿ. ಆಕೆ ಕಳೆದ ವರ್ಷ ತೀರಿಕೊಂಡಳು. ಮಣ್ಣು ಮಾಡಿ ಬಂದು ಕಾಲು ತೊಳೆಯುವಾಗ ಪುಟ್ಟಮಾದಯ್ಯನೇ ಅಂದ: "ಇನ್ ಬರ್ಕೊ ಓಗ್ಲಾ. ಓದೋರು ಯಾರವ್ರೆ ನಮ್ಮೂರಾಗೆ, ಎಲ್ಲಾ ಟೀವಿ ನೋಡೋರೆಯ." ಆ ಟೀವಿಯಿಂದಲೇ ಅವನು ಕೆಟ್ಟದ್ದು. ಆದರೂ ಅದನ್ನು ನಗುತ್ತಲೇ ಹೇಳಿದ.

ಪುಟ್ಟಮಾದಯ್ಯನಿಗೆ ಐವತ್ತೈದರ ಆಸುಪಾಸು. ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಬೇರೆಯವರು ಕೈಮುಗಿದು ಬೇಡವೆನ್ನುವ ಸೆಕೆಂಡ್ ಶಿಫ್ಟನ್ನು ಇವನು ಕೇಳಿ ಹಾಕಿಸಿಕೊಳ್ಳುತ್ತಿದ್ದ. ಬೆಳಗ್ಗೆಯೆಲ್ಲ ಜಗಲಿಯ ಮೇಲೆ ಕೂತಿರಬಹುದಲ್ಲ ಅಂತ. ನಮ್ಮ ಬೀದಿ ಬೆಳಗ್ಗೆ ಖಾಲಿಯಾಗಿಬಿಡುತ್ತದೆ. ಗದ್ದೆಗೆ ಹೋಗುವವರು ಗದ್ದೆಗೆ, ಮಂಡ್ಯದ ಆಫೀಸುಗಳಿಗೆ ಹೋಗುವವರು ಬಸ್ಸಿಗೆ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ವ್ಯಾನಿಗೆ. ಹೋಗುವಾಗ ಎಲ್ಲರೂ ಮನೆಯ ಬೀಗದಕೈಯನ್ನು ಪುಟ್ಟಮಾದಯ್ಯನ ಕೈಗೆ ಹಾಕಿ ಹೋಗುತ್ತಿದ್ದರು. ಸಿಲಿಂಡರ್ ಬಂದರೆ ಇಳಿಸಿಕೊಳ್ಳುವುದು, ಕರೆಂಟು ಬಂದಾಗ ಮೋಟರು ಹಾಕಿ ತೊಟ್ಟಿ ತುಂಬಿಸುವುದು, ಮಳೆ ಬಂದರೆ ಮಹಡಿಗೆ ಹತ್ತಿ ಒಣಗಿಹಾಕಿದ ಬಟ್ಟೆ ತೆಗೆದಿಡುವುದು, ಎಲ್ಲ ಅವನದೇ. ಅವನ ಮನೆಯ ಗೋಡೆಯ ಮೊಳೆಗಳಲ್ಲಿ ಅರ್ಧ ಬೀದಿಯ ಬೀಗದಕೈಗಳು ನೇತಾಡುತ್ತಿದ್ದವು. ಯಾರೂ ಇದಕ್ಕೆ ಏನೂ ಕೊಡುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ. "ಬೀಗದ್ ಕೈ ಮಾದಯ್ಯನ ತಾವ್ ಐತೆ" ಅಂದರೆ ಅಲ್ಲಿಗೆ ಮಾತು ಮುಗಿಯಿತು. ಆ ಮಾತು ಕೇಳಿದಾಗ ಅವನ ಮುಖ ನೋಡಬೇಕಿತ್ತು. ಮಂತ್ರಿಗಿರಿ ಸಿಕ್ಕವರೂ ಅಷ್ಟು ಬೀಗುವುದಿಲ್ಲ.

ಅವನಿಗಿದ್ದ ಇನ್ನೊಂದು ಹುಚ್ಚು ನಾಟಕದ್ದು. ನಮ್ಮ ಕಡೆ ವರ್ಷಕ್ಕೊಂದು ಪೌರಾಣಿಕ ನಾಟಕ ಆಗದಿದ್ದರೆ ಊರಿಗೆ ಊಟ ಸೇರುವುದಿಲ್ಲ. ಪಾತ್ರ ಬೇಕಾದವರು ವಂತಿಗೆ ಹಾಕಬೇಕು, ದೊಡ್ಡ ಪಾತ್ರಕ್ಕೆ ದೊಡ್ಡ ವಂತಿಗೆ. ಹಾಗಾಗಿ ರಾಜರೆಲ್ಲ ಟ್ರಾಕ್ಟರ್ ಇಟ್ಟವರೇ ಆಗುತ್ತಿದ್ದರು. ಪುಟ್ಟಮಾದಯ್ಯ ಮದುವೆಗೆ ಮೊದಲಿನಿಂದಲೂ ಬಾಗಿಲು ಕಾಯುವವನು. "ಮಹಾಪ್ರಭು, ಯಾರೋ ಬಂದಿದ್ದಾರೆ" ಅನ್ನುವುದೊಂದೇ ಮಾತು. ಅದನ್ನೇ ಅವನು ಒಂದೊಂದು ವರ್ಷ ಒಂದೊಂದು ಥರ ಹೇಳುತ್ತಿದ್ದ. ಒಂದು ಸಲ ಅಳುತ್ತಾ ಹೇಳಿ ಹಾರ್ಮೋನಿಯಂ ಮೇಷ್ಟರ ಕೈಲಿ ಬೈಸಿಕೊಂಡಿದ್ದ.

ಇನ್ನು ಬಸಪ್ಪನ ವಿಷಯ. ನಮ್ಮ ಭೈರೇದೇವರ ಗುಡಿಗೆ ಬಿಟ್ಟ ಬಿಳಿ ಹೋರಿಗೆ ಬಸಪ್ಪ ಅನ್ನುತ್ತಾರೆ. ಮಂಡ್ಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುತ್ತೇನೆ. ಪೂಜೆಗೆ ಯಾರನ್ನು ನೇಮಿಸಬೇಕು, ಬೋರು ಎಲ್ಲಿ ಕೊರೆಸಬೇಕು, ಕಳೆದ ಒಡವೆ ಯಾರ ಹತ್ತಿರ ಇದೆ, ಇವನ್ನೆಲ್ಲ ಜನ ಬಸಪ್ಪನ ಮುಂದೆ ಕೇಳುತ್ತಾರೆ. ಹಣ್ಣುಕಾಯಿ, ಬೆಲ್ಲದಚ್ಚು ಇಟ್ಟ ತಟ್ಟೆ ಹಿಡಿದು ಕೈಮುಗಿದು ಪ್ರಶ್ನೆ ಹೇಳಬೇಕು. ಬಲಗಾಲು ಎತ್ತಿದರೆ ಹೌದು, ಎಡಗಾಲು ಎತ್ತಿದರೆ ಅಲ್ಲ. ಕಳ್ಳತನದ ವಿಷಯವಾದರೆ ಅನುಮಾನ ಇರುವವರನ್ನೆಲ್ಲ ಸಾಲಾಗಿ ಕೂರಿಸುತ್ತಾರೆ. ಬಸಪ್ಪ ಯಾರ ಮುಂದೆ ನಿಂತು ಬಲಗಾಲು ಎತ್ತುತ್ತಾನೋ ಅವನೇ ಕಳ್ಳ. ಅಪೀಲಿಲ್ಲ.

ಬಸಪ್ಪನನ್ನು ನೋಡಿಕೊಳ್ಳುವವನು ದೊಡ್ಡಸಿದ್ದಯ್ಯ. ಅವನ ಅಪ್ಪನೂ ಅದನ್ನೇ ಮಾಡಿದವನು. ಮೈ ತೊಳೆಸುವುದು, ಕೊಂಬಿಗೆ ಹಿತ್ತಾಳೆ ಕಳಸ ಸಿಕ್ಕಿಸುವುದು, ಕೇಳಲು ಬಂದವರ ಮುಂದೆ ಹಿಡಿದುಕೊಂಡು ನಿಲ್ಲುವುದು ಅವನ ಕೆಲಸ.

ಬೆಂಗಳೂರಿನ ಯಾರ ತಲೆಗೆ ಹೊಳೆಯಿತೋ, ಬಸಪ್ಪನನ್ನು ಇಟ್ಟುಕೊಂಡು ಒಂದು ಪತ್ತೇದಾರಿ ಸೀರಿಯಲ್ ತೆಗೆದರು. ಹೆಸರು 'ಜೋಡಿ ಗಸ್ತು'. ಚೈತನ್ಯಾ ಅಂತ ಒಬ್ಬ ಲೇಡಿ ಇನ್ಸ್‌ಪೆಕ್ಟರ್, ದೇವರು ದಿಂಡರನ್ನು ನಂಬದವಳು, ಹಳ್ಳಿ ಠಾಣೆಗೆ ವರ್ಗವಾಗಿ ಬರುತ್ತಾಳೆ. ಬಂದ ದಿನವೇ ಗುಡಿಯ ಹೋರಿ ಜೀಪಿಗೆ ಅಡ್ಡ ನಿಲ್ಲುತ್ತದೆ. ಇವಳು ಹಾರನ್ ಒತ್ತುತ್ತಾಳೆ, ಅದು ಕದಲುವುದಿಲ್ಲ. ಜೀಪು ಹಿಂದಕ್ಕೆ ತೆಗೆದು ನೋಡಿದರೆ ಮುಂದೆ ರಸ್ತೆ ಕುಸಿದಿರುತ್ತದೆ. ಅಲ್ಲಿಂದ ಶುರು. ಆಕೆ ಸಾಕ್ಷಿ ಹುಡುಕುತ್ತಾಳೆ, ಅದು ಕಳ್ಳನನ್ನು ಹುಡುಕುತ್ತದೆ. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆಯಿಲ್ಲ, ಆದರೆ ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯುವುದಿಲ್ಲ. ನನಗೆ ಸೀರಿಯಲ್ ಅಂದರೆ ಮೈ ಉರಿಯುತ್ತದೆ, ಆದರೂ ಹೇಳುತ್ತೇನೆ, ಕಥೆ ಕೆಟ್ಟದಾಗಿರಲಿಲ್ಲ. ಇಬ್ಬರಲ್ಲಿ ಚೆನ್ನಾಗಿ ನಟಿಸಿದ್ದು ಹೋರಿ.

ಆ ಸೀರಿಯಲ್‌ನ ಒಂದು ಕಥೆಗೆ ನಮ್ಮೂರಿಗೇ ಬಂದರು. ನಮ್ಮ ಬಸಪ್ಪನೇ ಬೇಕು ಅಂದರು. ಊರಿನ ಯಜಮಾನರು ಒಂದು ಷರತ್ತಿನ ಮೇಲೆ ಒಪ್ಪಿದರು: ಬಸಪ್ಪನಿಗೆ ಯಾರೂ ಹೊಡೆಯಬಾರದು, ಬೈಯಬಾರದು. ಕಳ್ಳನ ಪಾತ್ರಕ್ಕೆ ಊರಿನದೇ ಮುಖ ಬೇಕು ಅಂತ ಡೈರೆಕ್ಟರು ಕೇಳಿದಾಗ ಯಾರೂ ಮುಂದೆ ಬರಲಿಲ್ಲ. ಪುಟ್ಟಮಾದಯ್ಯ ಮಾತ್ರ ಕಾರ್ಖಾನೆಗೆ ರಜ ಹಾಕಿ, ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಶರ್ಟಿನಲ್ಲಿ ಬಂದು ನಿಂತ. ಈ ಸಲ ವಂತಿಗೆ ಕೇಳುವವರಿರಲಿಲ್ಲ.

ಶೂಟಿಂಗು ಗುಡಿಯ ಮುಂದೆ. ಸದ್ದಾಗಬಾರದು ಅಂತ ಊರಿನವರನ್ನೆಲ್ಲ ಹಗ್ಗದಾಚೆ, ಅರಳಿಕಟ್ಟೆಯಿಂದಾಚೆಗೆ ಕಳಿಸಿದ್ದರು. ಒಳಗೆ ಉಳಿದ ಊರಿನವರು ಪುಟ್ಟಮಾದಯ್ಯ, ದೊಡ್ಡಸಿದ್ದಯ್ಯ, ಮತ್ತೆ ಲೈಟಿಗೆ ವೈರು ಎಳೆದುಕೊಟ್ಟ ನಾನು. ಬೆಂಗಳೂರಿನ ಮೂವರು ನಟರ ಜೊತೆ ಪುಟ್ಟಮಾದಯ್ಯ ಸಾಲಿನಲ್ಲಿ ಕೂರಬೇಕು, ಬಸಪ್ಪ ಬಂದು ಪುಟ್ಟಮಾದಯ್ಯನ ಮುಂದೆ ಬಲಗಾಲು ಎತ್ತಬೇಕು. ಬಸಪ್ಪ ಎತ್ತಲಿಲ್ಲ. ಲೈಟಿನ ಸ್ಟ್ಯಾಂಡು ಮೂಸಿ ನೋಡಿದ, ಸಿಂಗಾರಕ್ಕೆ ಕಟ್ಟಿದ್ದ ಬಾಳೆಕಂದು ತಿಂದ, ಹೀರೋಯಿನ್ನಿನ ಕುರ್ಚಿಯ ಪಕ್ಕ ಸಗಣಿ ಹಾಕಿದ. "ದೇವ್ರಿಗ್ ಏಳ್ಕೊಟ್ ಮಾಡ್ಸಕ್ ಆಯ್ತದಾ ಸ್ವಾಮಿ" ಅಂದ ದೊಡ್ಡಸಿದ್ದಯ್ಯ. ಡೈರೆಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. ಕೊನೆಗೆ ದೊಡ್ಡಸಿದ್ದಯ್ಯನೇ ಅತ್ತಿತ್ತ ನೋಡಿ ಒಂದು ಬೆಲ್ಲದಚ್ಚನ್ನು ಪುಟ್ಟಮಾದಯ್ಯನ ಕೈಗಿಟ್ಟು, "ಮುಷ್ಟಿ ಮುಚ್ಕೊಂಡು ತೊಡೆ ಮೇಲ್ ಮಡಿಕೊ, ತಕ್ಷಣ ಕೊಡ್ಬ್ಯಾಡ" ಅಂದ.

ಬಸಪ್ಪ ನೆಟ್ಟಗೆ ಬಂದ. ಮುಷ್ಟಿ ಮೂಸಿದ. ಕೊಡದೆ ಇದ್ದದ್ದಕ್ಕೆ ಸಿಟ್ಟು ಬಂದು ನೆಲ ಕೆರೆಯಲು ಬಲಗಾಲು ಎತ್ತಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಪುಟ್ಟಮಾದಯ್ಯ ಮುಷ್ಟಿ ಬಿಚ್ಚಿದ. ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಬಿಸಿಲು ಬಂತು ಅಂತ ಒಮ್ಮೆ, ಹೋಯಿತು ಅಂತ ಒಮ್ಮೆ, ಹೀಗೆ ಮೂರು ದಿನ ಅದನ್ನೇ ತೆಗೆದರು. ಕೊನೆಯ ದಿನ ಪುಟ್ಟಮಾದಯ್ಯ ಬಚ್ಚಲಿಂದ ಎದ್ದು ಬಂದರೂ ಸಾಕು, ಬಸಪ್ಪ ಅವನನ್ನು ಕಂಡು ಬಲಗಾಲು ಎತ್ತುತ್ತಿದ್ದ. ನಾವು ಮೂವರೂ ನಕ್ಕಿದ್ದೇ ನಕ್ಕಿದ್ದು.

ಕಥೆ ಟೀವಿಯಲ್ಲಿ ಬಂದ ಸಂಜೆ ಊರಿನ ಬೀದಿಗಳಲ್ಲಿ ನಾಯಿಯೂ ಇರಲಿಲ್ಲ. ಪುಟ್ಟಮಾದಯ್ಯ ಒಳ್ಳೆಯ ನಟ ಅಂತ ಆವತ್ತು ನನಗೆ ಗೊತ್ತಾಯಿತು. ಬಸಪ್ಪ ಕಾಲೆತ್ತಿದಾಗ ಅವನು ತಪ್ಪಿಸಿಕೊಳ್ಳಲು ನೋಡಲಿಲ್ಲ, ಅಳಲಿಲ್ಲ. ಸುಮ್ಮನೆ ಎಲ್ಲರ ಮುಖವನ್ನೂ ಒಂದು ಸಲ ನೋಡಿ ತಲೆ ತಗ್ಗಿಸಿದ. ನೋಡಿದರೆ ನಿಜವಾಗಿಯೂ ಕದ್ದವನ ಹಾಗಿದ್ದ. ಚೆನ್ನಾಗಿ ಮಾಡಿದ್ದೇ ತಪ್ಪಾಯಿತು.

ಮಾರನೆಯ ಬೆಳಗ್ಗೆ ಪಕ್ಕದ ಮನೆಯ ರೂಪ ಬೀಗದಕೈ ಕೊಡಲು ಬರಲಿಲ್ಲ. ಮಂಡ್ಯಕ್ಕೆ ಹೋಗುವಾಗ ಬ್ಯಾಗಿಗೇ ಹಾಕಿಕೊಂಡು ಹೋದಳು. ಅದರ ಮಾರನೆಯ ದಿನ ಇನ್ನೊಂದು ಮನೆಯವರು, ಮಗಳು ಬೇಗ ಬರ್ತಾಳೆ ಅಂತ ನೆಪ ಹೇಳಿ, ಗೋಡೆಯಲ್ಲಿದ್ದ ತಮ್ಮ ಬೀಗದಕೈಯನ್ನೂ ತೆಗೆದುಕೊಂಡು ಹೋದರು. ಯಾರೂ ಕಳ್ಳ ಅನ್ನಲಿಲ್ಲ. ನಗುನಗುತ್ತಲೇ ತೆಗೆದುಕೊಂಡು ಹೋದರು.

ನಾನು ಅರಳಿಕಟ್ಟೆಯಲ್ಲಿ ಜಗಳಕ್ಕೇ ನಿಂತೆ. ಅದು ಆಕ್ಟಿಂಗು ಕಣ್ರಯ್ಯ, ನಿಮಗೆ ತಲೆಯಲ್ಲಿ ಏನಿದೆ ಅಂದೆ. ಮೋಟರ್ ರಿಪೇರಿ ಮಾಡುವ ಯತೀಶ್, ಓದಿದವನು, ಡಿಪ್ಲೊಮಾ ಪಾಸಾದವನು, ಸಮಾಧಾನವಾಗಿ ಅಂದ: "ಆಕ್ಟಿಂಗ್ ಮಾಡೋದು ಮನ್ಸ ಕಣಣ್ಣ. ಬಸಪ್ಪ ಆಕ್ಟಿಂಗ್ ಮಾಡ್ತದಾ?"

ಅದಕ್ಕೆ ಉತ್ತರ ಬೆಲ್ಲದಚ್ಚು. ಆದರೆ ಅದನ್ನು ಹೇಳಲು ಹೋದಾಗ ದೊಡ್ಡಸಿದ್ದಯ್ಯ ಅಲ್ಲೇ ಕೂತಿದ್ದ, ನನ್ನನ್ನೇ ನೋಡುತ್ತಿದ್ದ. ಪುಟ್ಟಮಾದಯ್ಯನನ್ನು ಒಂದು ಮಾತು ಕೇಳಿ ಹೇಳೋಣ ಅಂತ ನುಂಗಿಕೊಂಡೆ.

ಅಷ್ಟರಲ್ಲಿ ದೇವಿರಮ್ಮನ ಕಿವಿಯೋಲೆಯ ಮಾತು ಎದ್ದಿತು. ದೇವಿರಮ್ಮ ಒಂಟಿ ಹೆಂಗಸು, ನಮ್ಮ ಬೀದಿಯ ಕೊನೆಯ ಮನೆ. ಶೂಟಿಂಗಿಗೆ ಮೊದಲು ಆಕೆ ಮಳವಳ್ಳಿಯಲ್ಲಿರುವ ತಂಗಿ ಕಾಮಾಕ್ಷಮ್ಮನ ಮನೆಗೆ ನಾಮಕರಣಕ್ಕೆ ಹೋಗಿ ಬಂದಿದ್ದಳು. ಹೋಗಿದ್ದಾಗ ಬೀಗದಕೈ ಪುಟ್ಟಮಾದಯ್ಯನ ಹತ್ತಿರವೇ ಇತ್ತು. ಬಂದ ಮೇಲೆ ನೋಡಿದರೆ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ ಅಂದುಕೊಂಡ ಚಿನ್ನದ ಓಲೆ ಇಲ್ಲ. ಎಲ್ಲೋ ಇಟ್ಟು ಮರೆತೆ, ಸಿಕ್ಕುತ್ತೆ ಬಿಡು ಅಂತ ಆಕೆಯೇ ಸುಮ್ಮನಾಗಿದ್ದಳು. ಈಗ ಊರಿಗೆ ಅದು ನೆನಪಾಯಿತು. ಸೀರಿಯಲ್‌ನಲ್ಲಿ ಕಳುವಾಗಿದ್ದದ್ದು ಯಾರದೋ ಸರ. ಆದರೆ ಬಸಪ್ಪ ಕಾಲೆತ್ತಿದ್ದು ದೇವಿರಮ್ಮನ ಓಲೆಗೆ ಅಂತ ಜನ ತಾವೇ ಕೂಡಿಸಿಕೊಂಡರು. ಇನ್ಸ್‌ಪೆಕ್ಟರ್ ಚೈತನ್ಯಾಳಿಗೂ ಇಷ್ಟು ಬೇಗ ಕೇಸು ಬಗೆಹರಿದದ್ದಿಲ್ಲ.

ಪುಟ್ಟಮಾದಯ್ಯನ ಹೆಂಡತಿ ಅಂಕಮ್ಮ ಮಾತಿಗೆ ನಿಂತರೆ ಮೈಸೂರು ಬಸ್ಸೂ ನಿಲ್ಲಬೇಕು, ಅಂಥ ಹೆಂಗಸು. ನನ್ನನ್ನು ಮನೆಗೆ ಕರೆಸಿ, ಗಂಡನ ಎದುರಿಗೇ ಕೇಳಿದಳು.

"ನೀನೂ ನೋಡಿದ್ದೀಯಲ್ಲ ಬೆಲ್ಲ ಕೊಟ್ಟುದ್ನ? ಬಾಯ್ ಬುಟ್ ಏಳಕ್ಕೇನು ದಾಡಿ ನಿಂಗೆ?"

"ನಾನು ತಯಾರು. ಇವನು ಹೂಂ ಅಂದರೆ ಈಗಲೇ ಅರಳಿಕಟ್ಟೆಗೆ ಹೋಗಿ ಹೇಳ್ತೀನಿ" ಅಂದೆ.

ಪುಟ್ಟಮಾದಯ್ಯ ಕಾರ್ಖಾನೆಗೆ ಹೊರಡಲು ಊಟದ ಡಬ್ಬಿ ಮುಚ್ಚುತ್ತಿದ್ದ. "ಬ್ಯಾಡ" ಅಂದ.

"ಯಾಕ್ ಬ್ಯಾಡ? ಆ ದೊಡ್ಡಸಿದ್ದಯ್ಯನ್ ಹೊಟ್ಟೆಪಾಡ್ಗಾ?" ಅಂದಳು ಅಂಕಮ್ಮ.

"ಅವುಂದ್ ಕಟ್ಕೊಂಡ್ ನಂಗೇನಾಗ್ಬೇಕು. ದೇವಿರಕ್ಕುನ್ ವಿಷ್ಯ ಮರ್ತ್‌ಬುಟ್ಯಾ? ಆಯಮ್ಮ ಮಗುನ್ ಕೇಳಕ್ ಓದಾಗ ತಟ್ಟೇಲಿ ಏನಿತ್ತು? ಬೆಲ್ಲದಚ್ಚು."

ಅಂಕಮ್ಮ ಹೊಸಿಲ ಮೇಲೆ ಕೂತುಬಿಟ್ಟಳು. ನನಗೂ ಆಗಲೇ ಹೊಳೆದದ್ದು.

ದೇವಿರಮ್ಮನಿಗೆ ಒಬ್ಬನೇ ಮಗ, ಮಹದೇವಸ್ವಾಮಿ. ಲಾರಿಗೆ ಕ್ಲೀನರ್ ಆಗಿ ಹೋಗುತ್ತಿದ್ದ. ಒಂದು ಸಲ ಗುಜರಾತಿನ ಕಡೆ ಲೋಡು ತೆಗೆದುಕೊಂಡು ಹೋದ ಲಾರಿ ವಾಪಸ್ ಬಂತು, ಅವನು ಬರಲಿಲ್ಲ. ಊಟಕ್ಕೆ ನಿಲ್ಲಿಸಿದಾಗ ಇಳಿದವನು ಮತ್ತೆ ಹತ್ತಲಿಲ್ಲ ಅಂತ ಡ್ರೈವರ್ ಹೇಳಿದ. ಪೊಲೀಸರು ಹುಡುಕಿದರು, ಫೋಟೋ ಹಾಕಿದರು, ಏನೂ ಸಿಗಲಿಲ್ಲ. ವರ್ಷಗಳಾದ ಮೇಲೆ ನೆಂಟರು ತಿಥಿ ಮಾಡಿಬಿಡು ಅಂತ ಬಲವಂತ ಮಾಡಿದರು. ಆಕೆ ತಟ್ಟೆ ಹಿಡಿದು ಬಸಪ್ಪನ ಮುಂದೆ ನಿಂತು, ನನ್ನ ಮಗ ಬದುಕಿದ್ದಾನಾ ಅಂತ ಕೇಳಿದಳು. ಬಸಪ್ಪ ಬಲಗಾಲು ಎತ್ತಿದ. ಆವತ್ತಿನಿಂದ ಯಾರೂ ಆಕೆಯ ಹತ್ತಿರ ತಿಥಿಯ ಮಾತಾಡಲಿಲ್ಲ. ಆಕೆ ಹಬ್ಬಕ್ಕೆ ಮಗನಿಗೆ ಬಟ್ಟೆ ತರುತ್ತಿದ್ದಳು, ಹೆಣ್ಣು ಎಲ್ಲಿದೆ ಅಂತ ವಿಚಾರಿಸುತ್ತಿದ್ದಳು, ಗೋಡೆಗೆ ಸುಣ್ಣ ಹೊಡೆಸುತ್ತಿದ್ದಳು. ಆಕೆ ಬದುಕಿದ್ದದ್ದು ಆ ಎತ್ತಿದ ಕಾಲಿನ ಮೇಲೆ. ಮಹದೇವಸ್ವಾಮಿ ಇವತ್ತಿನವರೆಗೂ ಬಂದಿಲ್ಲ.

"ಬೆಲ್ಲುಕ್ ಕಾಲ್ ಎತ್ತುದ್ದು ಅಂತ ನಾನಂದ್ರೆ ಆಯಮ್ಮ ಏನಂದ್ಕತದೆ?" ಅಂದ ಪುಟ್ಟಮಾದಯ್ಯ. "ಒಂದ್ ಸೀರಿಯಲ್ಗೆ ಒಬ್ರು ಪ್ರಾಣ ತಗಿಯಕ್ಕಾಯ್ತದಾ? ನಾಕ್ ದಿನ ಆದ್ರೆ ಜನ ಮರೀತಾರೆ ಬುಡು."

"ನೀನು ಬಸಪ್ಪನ್ನ ನಂಬ್ತೀಯಾ ಇನ್ನೂ?" ಅಂತ ಕೇಳಿದೆ.

"ಸೂಟಿಂಗ್ನಾಗೆ ಬಂದಿದ್ದು ಬೆಲ್ಲುಕ್ಕೆ. ಮಿಕ್ಕಿದ್ದು ನಂಗೊತ್ತಿಲ್ಲ ಕಣ್ಲಾ" ಅಂದು ಸೈಕಲ್ ಹತ್ತಿದ.

ಜನ ಮರೆಯಲಿಲ್ಲ. ಒಂದು ಭಾನುವಾರ ಬೆಳಗ್ಗೆ ಯಜಮಾನರು ಗುಡಿಯ ಮುಂದೆ ಎಲ್ಲರನ್ನೂ ಸೇರಿಸಿದರು. ಅನುಮಾನ ಇಟ್ಟುಕೊಂಡು ಮುಖ ನೋಡುವುದು ಬೇಡ, ಬಸಪ್ಪನನ್ನೇ ಕೇಳೋಣ, ಪುಟ್ಟಮಾದಯ್ಯ ನಿರಪರಾಧಿ ಆದರೆ ಇವತ್ತೇ ತೊಳೆದುಹೋಗುತ್ತದೆ ಅಂದರು. ನ್ಯಾಯವಾಗಿಯೇ ಮಾತಾಡಿದರು, ಅವರ ಮೇಲೆ ನನಗೆ ದೂರಿಲ್ಲ. ದೇವಿರಮ್ಮ ಮಳವಳ್ಳಿಗೆ ಹೋಗಿದ್ದಾಗ ಆ ಮನೆಗೆ ಕಾಲಿಟ್ಟವರೆಲ್ಲ ಸಾಲಾಗಿ ಕೂರಬೇಕು ಅಂತಾಯಿತು. ಪುಟ್ಟಮಾದಯ್ಯ, ಮೋಟರ್ ನೋಡಲು ಹೋಗಿದ್ದ ಯತೀಶ್, ಸೆಟ್‌ಟಾಪ್ ಬಾಕ್ಸ್ ಬದಲಾಯಿಸಲು ಹೋಗಿದ್ದ ನಾನು.

ಇದನ್ನೂ ಬರೆದುಬಿಡುತ್ತೇನೆ. ಬೆಲ್ಲದ ಗುಟ್ಟು ಗೊತ್ತಿದ್ದೂ, ನಾನು ಏನೂ ಕದ್ದಿಲ್ಲ ಅಂತ ಗೊತ್ತಿದ್ದೂ, ಬಸಪ್ಪ ಕೊಂಬು ಆಡಿಸುತ್ತಾ ನಮ್ಮ ಕಡೆ ನಡೆದು ಬಂದಾಗ ಮನಸ್ಸಿನಲ್ಲೇ ಎರಡು ಸಲ ಭೈರೇದೇವರಿಗೆ ಕೈಮುಗಿದೆ.

ಬಸಪ್ಪ ಯತೀಶನನ್ನು ನೋಡಲಿಲ್ಲ, ನನ್ನನ್ನು ನೋಡಲಿಲ್ಲ. ದೂರದಿಂದಲೇ ಪುಟ್ಟಮಾದಯ್ಯನನ್ನು ಗುರುತು ಹಿಡಿದಿದ್ದ. ನೆಟ್ಟಗೆ ಅವನ ಮುಂದೆ ಬಂದು, ಖಾಲಿ ಕೈಯನ್ನು ಮೂಸಿ, ಬಲಗಾಲು ಎತ್ತಿದ. ಇಳಿಸಿ ಮತ್ತೆ ಎತ್ತಿದ.

ಜನರ ಬಾಯಿಂದ ಒಂದೇ ಸಲ ಉಸಿರು ಹೊರಟದ್ದು ಕೇಳಿಸಿತು. ನಾನು ದೊಡ್ಡಸಿದ್ದಯ್ಯನ ಮುಖ ನೋಡಿದೆ. ಅವನು ಬಸಪ್ಪನ ಗೊರಸು ನೋಡುತ್ತಾ ನಿಂತಿದ್ದ. ನಾನು ಹೇಳಿಯೇಬಿಡೋಣ ಅಂತ ಎದ್ದೆ. ಪುಟ್ಟಮಾದಯ್ಯ ನನ್ನ ಪಂಚೆಯ ಅಂಚು ಹಿಡಿದು ಕೆಳಕ್ಕೆ ಎಳೆದ. ಎದುರಿಗೆ, ಹೆಂಗಸರ ಸಾಲಿನಲ್ಲಿ, ದೇವಿರಮ್ಮ ಕೈಮುಗಿದು ಕೂತಿದ್ದಳು. ನಾನು ಕೂತೆ.

ಅಮಾವಾಸ್ಯೆಯೊಳಗೆ ಓಲೆ ತಂದು ಒಪ್ಪಿಸು, ಪೊಲೀಸು ಗಿಲೀಸು ಬೇಡ ಅಂತ ಯಜಮಾನರು ಹೇಳಿದರು. ಮನೆಗೆ ಹೋಗುವ ಹೊತ್ತಿಗೆ ಗೋಡೆಯಲ್ಲಿ ಉಳಿದಿದ್ದ ಬೀಗದಕೈಗಳನ್ನು ಕೇಳಿಕೊಂಡು ಜನ ಬಾಗಿಲಲ್ಲೇ ನಿಂತಿದ್ದರು. ಅಂಕಮ್ಮ ಒಂದೊಂದನ್ನೇ ತೆಗೆದು ಬೀದಿಗೆ ಎಸೆದಳು. ಪುಟ್ಟಮಾದಯ್ಯ ಹೋಗಿ ಮಣ್ಣು ಒರೆಸಿ, ಯಾವುದು ಯಾರದು ಅಂತ ಸರಿಯಾಗಿ ಅವರವರ ಕೈಗೇ ಕೊಟ್ಟ. ಬೆಳಗಿನ ಹೊತ್ತು ಜಗಲಿಯಲ್ಲಿ ಕೂರುವುದನ್ನು ಬಿಟ್ಟ. ಫಸ್ಟ್ ಶಿಫ್ಟ್ ಹಾಕಿಸಿಕೊಂಡ. ನಾಟಕದವರು ಆ ವರ್ಷ ಬಾಗಿಲು ಕಾಯಲು ಬೇರೆಯವರನ್ನು ನೋಡಿಕೊಂಡರು. ಅದನ್ನು ನನಗೆ ಹೇಳುವಾಗ, ಮಿಕ್ಕದ್ದಕ್ಕೆಲ್ಲ ಗಟ್ಟಿಯಾಗಿದ್ದವನು ಇದಕ್ಕೆ ಅತ್ತುಬಿಟ್ಟ.

ಅಮಾವಾಸ್ಯೆಗೆ ಇನ್ನೂ ಟೈಮಿತ್ತು. ನಾನು ಸಾಮಾನು ತರಲು ಮಳವಳ್ಳಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರ ಕಾಮಾಕ್ಷಮ್ಮ, ದೇವಿರಮ್ಮನ ತಂಗಿ, ಕೂಗಿ ನಿಲ್ಲಿಸಿದಳು. ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟು, "ಅಕ್ಕ ನಾಮಕರಣುಕ್ ಬಂದಾಗ ಹಿತ್ಲು ಬಚ್ಲಾಗೆ ಬುಟ್ ಓಗವ್ಳೆ ನೋಡಪ್ಪ, ಗೂಡ್ನ ಸಂದೀಲಿತ್ತು, ನಿನ್ನೆ ಕ್ಲೀನ್ ಮಾಡುವಾಗ ಸಿಕ್ತು" ಅಂದಳು. ಓಲೆ.

ನಾನು ಆ ದಿನ ಬೈಕ್ ಓಡಿಸಿದ ರೀತಿಗೆ ಪೊಲೀಸರು ಹಿಡಿಯಬೇಕಿತ್ತು. ಗೆದ್ದೆವು ಅಂತಲೇ ನನ್ನ ಲೆಕ್ಕ. ನೇರ ಅರಳಿಕಟ್ಟೆಗೆ ಹೋಗಿ ಕೂಗಿ ಹೇಳಬೇಕು ಅಂತಿದ್ದೆ, ಆದರೆ ವಸ್ತು ದೇವಿರಮ್ಮನದು, ಮೊದಲು ಆಕೆಗೆ ಕೊಡುವುದು ನ್ಯಾಯ ಅಂತ ಅಲ್ಲಿಗೆ ಹೋದೆ. ಆಕೆ ಪೊಟ್ಟಣ ಬಿಚ್ಚಿ ನೋಡಿದಳು. ಎಲ್ಲಿ ಸಿಕ್ಕಿತು ಅಂತ ಕೇಳಿದಳು, ಹೇಳಿದೆ. ಆಕೆಯ ಮುಖದಲ್ಲಿ ಸಂತೋಷ ಕಾಣಲಿಲ್ಲ. ಬಾಗಿಲು ಮುಂದಕ್ಕೆಳೆದು, ಚಪ್ಪಲಿ ಮೆಟ್ಟದೆ, ಪುಟ್ಟಮಾದಯ್ಯನ ಮನೆಗೆ ಹೊರಟಳು. ನಾನೂ ಹಿಂದೆಯೇ ಹೋದೆ.

ಪುಟ್ಟಮಾದಯ್ಯ ಆಗಷ್ಟೇ ಕಾರ್ಖಾನೆಯಿಂದ ಬಂದು ಕಾಫಿ ಕುಡಿಯುತ್ತಿದ್ದ. ದೇವಿರಮ್ಮ ಓಲೆಗಳನ್ನು ಅವನ ಮುಂದೆ ಇಟ್ಟು ನೆಲದ ಮೇಲೆ ಕೂತಳು.

"ಮಳವಳ್ಳೀಲಿ ತಂಗಿ ಮನೆ ಹಿತ್ಲು ಬಚ್ಲಾಗೇ ಇತ್ತಂತೆ ಕಣೋ ಮಾದಯ್ಯ. ನಾನೇ ಮರ್ತು ಬುಟ್ಟು ಬಂದಿದ್ದೆನಂತೆ. ನೀನ್ ಕದ್ದಿಲ್ಲ. ತಪ್ಪಾಯ್ತು ಕಣಪ್ಪ" ಅಂದಳು.

ಅಂಕಮ್ಮ ಒಳಗಿಂದ ಓಡಿ ಬಂದಳು. "ಏಳಿ, ಈಗ್ಲೇ ಗುಡಿತಾವ್ಕೆ ನಡೀರಿ, ಎಲ್ರುನ್ನೂ ಕರೀರಿ" ಅಂತ ಸೆರಗು ಸಿಕ್ಕಿಸಿಕೊಂಡಳು.

"ಬತ್ತೀನಿ ಕಣವ್ವ, ಏಳ್ತೀನಿ. ನನ್ನಿಂದ ಓದ ಮಾನ ನಾನೇ ತುಂಬ್ಕೊಡ್ಬೇಕು" ಅಂದಳು ದೇವಿರಮ್ಮ, ಆದರೆ ಎದ್ದೇಳಲಿಲ್ಲ. ಓಲೆಗಳನ್ನೇ ನೋಡುತ್ತಿದ್ದಳು. ಯಾರನ್ನೂ ನೋಡದೆ ಕೇಳಿದಳು: "ಅಂಗಾದ್ರೆ ಬಸಪ್ಪ ಸುಳ್ ಏಳ್ತದಾ ಮಾದಯ್ಯ?"

ಅಂಕಮ್ಮ ಗಂಡನ ಕಡೆ ತಿರುಗಿದಳು.

"ನಿನ್ ವಿಷ್ಯ ಸುಳ್ಳಾದ್ರೆ, ನನ್ ಮಗುನ್ ವಿಷ್ಯ..." ಅಂದು ನಿಲ್ಲಿಸಿದಳು. ಆಕೆ ಅಳುತ್ತಿರಲಿಲ್ಲ. ಅತ್ತಿದ್ದರೆ ನಾವು ಏನಾದರೂ ಸಮಾಧಾನ ಹೇಳಬಹುದಿತ್ತು.

ಪುಟ್ಟಮಾದಯ್ಯ ಲೋಟ ಕೆಳಗಿಟ್ಟ. ಹೆಂಡತಿಯ ಮುಖ ನೋಡಿದ. ಆಕೆ ತಲೆ ಅಲ್ಲಾಡಿಸಿದಳು, ಬೇಡ, ಬೇಡ ಅಂತ. ನನಗೂ ಅವನು ಏನು ಮಾಡಹೊರಟಿದ್ದಾನೆ ಅಂತ ಗೊತ್ತಾಗಿ, ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

"ಬಸಪ್ಪ ಯಾಕ್ ಸುಳ್ ಏಳ್ತದಕ್ಕ" ಅಂದ ಅವನು. "ನಾನೇ ಕದ್ದಿದ್ದು."

"ಏನಂದೆ?"

"ಅಕ್ಕಿ ಡಬ್ಬದಾಗಿತ್ತಲ್ಲ, ನಾನೇ ಎತ್ಕೊಂಡೆ. ಯಾರ್ಗೂ ಗೊತ್ತಾಗಲ್ಲ ಅಂದ್ಕಂಡೆ. ಬಸಪ್ಪ ಎಲ್ರು ಮುಂದೆ ತೋರ್ಸ್‌ಬುಡ್ತು. ಕೈಗ್ ಕೊಡಕ್ಕೆ ಮುಖ ಇರ್ನಿಲ್ಲ. ಸಿಫ್ಟ್ ಮುಗುಸ್ಕಂಡು ಮಳವಳ್ಳಿ ಬಸ್ ಅತ್ತಿ, ನಿನ್ ತಂಗಿ ಮನೆ ಹಿತ್ಲು ಬಚ್ಲಾಗೆ ಮಡ್ಗಿ ಬಂದೆ. ಸಿಕ್ರೆ ನೀನ್ ಮರ್ತಿದ್ದು ಅಂದ್ಕತಾರೆ ಅಂತ."

ದೇವಿರಮ್ಮ ಅವನ ಮುಖವನ್ನು ಹುಡುಕಿದಳು. "ದಿಟವಾ? ನನ್ ಸಮಾಧಾನುಕ್ ಏಳ್ತಿಲ್ಲ ತಾನೆ?"

"ದಿಟ."

"ಆಣೆ ಮಾಡು."

ಆಣೆ ಅಂದರೆ ಹಗುರವಾಗಿ ತೆಗೆದುಕೊಳ್ಳುವವನಲ್ಲ ಅವನು, ಅದು ನನಗೆ ಗೊತ್ತು. ಗುಡಿಯ ಕಡೆ ತಿರುಗಿ ಕೈಮುಗಿದ. "ಬಸಪ್ಪನಾಣೆಗೂ ನಾನೇ ಕದ್ದಿದ್ದು" ಅಂದ. ಅಂಕಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೇವಿರಮ್ಮನ ಮುಖ ಅರಳಿತು. ಓಲೆಗಳನ್ನು ಅಲ್ಲೇ ಬಿಟ್ಟು, ಮೊಣಕಾಲಿನ ಮೇಲೆ ತೆವಳಿ ಹತ್ತಿರ ಬಂದಳು, ಅವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆಗ ಆಕೆಗೆ ಅಳು ಬಂತು.

"ಒಳ್ಳೇದಾಯ್ತು ಕಣೋ ಮಾದಯ್ಯ" ಅಂದಳು. "ನೀನ್ ಕದ್ದಿದ್ದೇ ಒಳ್ಳೇದಾಯ್ತು."